ನಮ್ಮ ಕ್ಲಬ್ಬಿನಿಂದ ಪುಟಾಣಿಗಳ ಶಾಲೆಗೆ ಭೇಟಿ: ಏನು ನೋಡಬೇಕು, ಏನು ಮಾಡಬಾರದು?

ಪ್ರಶ್ನೆ: ಹಾಸನದ ಮಹಿಳಾ ಸೇವಾ ಕ್ಲಬ್ಬೊಂದರ ಕಾರ್ಯದರ್ಶಿ ನಾನು. ಊರ ಹೊರಗಿನ ಹೊಸ ಬಡಾವಣೆಯಲ್ಲಿ ಎರಡೂವರೆಯಿಂದ ಆರು ವರ್ಷದ ಮಕ್ಕಳಿಗಾಗಿ ಒಂದು ಆಧುನಿಕ ಶಾಲೆ ಶುರುವಾಗಿದೆ. ಮಾಂಟೆಸ್ಸರಿ ಪದ್ಧತಿ, ಸ್ಮಾರ್ಟ್ ಕ್ಲಾಸ್ ಎರಡೂ ಇದೆ ಅನ್ನುತ್ತಾರೆ. ನಮ್ಮನ್ನು ಭೇಟಿಗೆ ಕರೆದಿದ್ದಾರೆ, 24 ಜನ ಹೋಗಬೇಕೆಂದಿದ್ದೇವೆ. ಮಕ್ಕಳ ನೃತ್ಯ, ಶಿಕ್ಷಕಿಯರಿಗೆ ಸನ್ಮಾನ, ಚಾಕೊಲೇಟ್ ಮತ್ತು ನೋಟ್‌ಬುಕ್ ವಿತರಣೆ ಇಟ್ಟುಕೊಂಡಿದ್ದೇವೆ. ಆಮೇಲೆ ಒಂದು ಅಂಗನವಾಡಿಗೂ ಏನಾದರೂ ಮಾಡುವ ಆಸೆ ಇದೆ. ಇದು ಬರೀ ಫೋಟೊ ಕಾರ್ಯಕ್ರಮ ಆಗಬಾರದು. ಶಾಲೆಯಲ್ಲಿ ಏನನ್ನು ನೋಡಬೇಕು, ಹೇಗೆ ನಡೆದುಕೊಳ್ಳಬೇಕು?

ಉತ್ತರ: ಮೊದಲು ಆ ನೃತ್ಯವನ್ನು ಕೈಬಿಡಿ. ಮೂರು ವರ್ಷದ ಮಕ್ಕಳಿಗೆ ಒಂದು ಹಾಡಿನ ಹೆಜ್ಜೆ ಕಲಿಸಲು ವಾರಗಟ್ಟಲೆ ಬೆಳಗಿನ ಹೊತ್ತು ಹೋಗುತ್ತದೆ. ಇಂಥ ಶಾಲೆಗೆ ಬೆಳಗಿನ ಹೊತ್ತೇ ಜೀವಾಳ. ಮಾಂಟೆಸ್ಸರಿ ತರಗತಿಯಲ್ಲಿ ಎರಡೂವರೆ ಮೂರು ಗಂಟೆ ಯಾರ ಅಡ್ಡಿಯೂ ಇಲ್ಲದೆ ಮಕ್ಕಳು ತಾವು ಆರಿಸಿಕೊಂಡ ಕೆಲಸ ಮಾಡುತ್ತಾರೆ. ನೀವು ನೋಡಬೇಕಾದದ್ದು ಆ ಕೆಲಸವನ್ನು. ವೇದಿಕೆಯ ಮೇಲಿನ ಕುಣಿತದಿಂದ ಶಿಕ್ಷಕಿ ಎಷ್ಟು ತಾಲೀಮು ಮಾಡಿಸಿದ್ದಾರೆ ಅನ್ನುವುದು ಗೊತ್ತಾಗುತ್ತದೆ, ಶಾಲೆ ಹೇಗಿದೆ ಅನ್ನುವುದು ಗೊತ್ತಾಗುವುದಿಲ್ಲ. ಫೋನ್ ಮಾಡಿ, "ನಮಗಾಗಿ ಏನನ್ನೂ ಬದಲಿಸಬೇಡಿ, ಮಾಮೂಲಿ ದಿನ ಹೇಗಿರುತ್ತೋ ಹಾಗೇ ಇರಲಿ" ಅಂತ ಹೇಳಿ. ಗೇಟಿನ ಹತ್ತಿರ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹೂ ಕೊಡಿಸುವುದೂ ಬೇಡ ಅಂತ ಆಗಲೇ ಹೇಳಿಬಿಡಿ. ಅತಿಥಿಗಳು ತಡವಾದರೆ ಬಿಸಿಲಲ್ಲಿ ಕಾಯುವುದು ಆ ಪುಟ್ಟ ಕಾಲುಗಳು.

ದಿನ ಆರಿಸುವಾಗ ಜೂನ್ ಬೇಡ. ಹೊಸದಾಗಿ ಸೇರಿದ ಮಕ್ಕಳು ಅಮ್ಮನಿಗಾಗಿ ಅಳುವ ತಿಂಗಳದು. ಶಿಕ್ಷಕಿಯ ಮುಖ, ದನಿ ಈಗಷ್ಟೇ ಪರಿಚಯವಾಗುತ್ತಿರುವಾಗ ಹೊಸ ಮುಖಗಳು ಬಂದರೆ ಅಳು ಮತ್ತೆ ಶುರು. ಜುಲೈಯಲ್ಲಿ ಮಳೆಯದೇ ರಾಜ್ಯ. ಸಕಲೇಶಪುರ, ಮೂಡಿಗೆರೆ ಕಡೆಯಂತೂ ಹಿಂದಿನ ಸಂಜೆ ರಜೆ ಘೋಷಣೆಯಾಗಿ ಕಾರ್ಯಕ್ರಮವೇ ಕೆಡಬಹುದು. ಆಗಸ್ಟ್ 15ರ ಹಿಂದಿನ ವಾರ, ದಸರಾ ರಜೆಯ ಆಸುಪಾಸು, ಡಿಸೆಂಬರ್‌ನ ವಾರ್ಷಿಕೋತ್ಸವದ ತಾಲೀಮಿನ ದಿನಗಳು ಬೇಡ. ಹಾಸನದಲ್ಲಾದರೆ ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳನ್ನೂ ಬಿಡಿ, ಊರೊಳಗೆ ಗಾಡಿ ಮುಂದೆ ಹೋಗುವುದಿಲ್ಲ. ಸೆಪ್ಟೆಂಬರ್, ನವೆಂಬರ್, ಫೆಬ್ರವರಿಯ ಮೊದಲ ಎರಡು ವಾರ ಚೆನ್ನಾಗಿರುತ್ತದೆ. ವಾರದ ನಡುವಿನ ದಿನ ಇರಲಿ. ಭಾನುವಾರದ ರಜೆ ಮುಗಿಸಿ ಬಂದ ಮಕ್ಕಳಿಗೆ ಸೋಮವಾರ ಹೊಂದಿಕೊಳ್ಳಲು ಹೊತ್ತು ಬೇಕು. ಬೆಳಿಗ್ಗೆ ಹತ್ತರಿಂದ ಹನ್ನೊಂದೂಕಾಲರ ತನಕ ಸಾಕು.

24 ಜನ ಒಟ್ಟಿಗೆ ಒಳಗೆ ಹೋದರೆ ಕೋಣೆಯಲ್ಲಿ ಮಕ್ಕಳಿಗಿಂತ ದೊಡ್ಡವರೇ ಹೆಚ್ಚಾಗುತ್ತಾರೆ. ನಾಲ್ಕು ನಾಲ್ಕು ಜನರ ಆರು ತಂಡ ಮಾಡಿ. ಮೂರು ತರಗತಿಗಳಿದ್ದರೆ ಮೂರು ತಂಡ ಒಳಗೆ, ಮೂರು ತಂಡ ಹೊರಗೆ. ಅರ್ಧ ಗಂಟೆಯ ನಂತರ ಅದಲು ಬದಲು. ಹೊರಗಿನವರು ಶೌಚಾಲಯ, ಆಟದ ಜಾಗ, ಅಡುಗೆಮನೆ, ಶಾಲಾ ವ್ಯಾನ್ ನೋಡಲಿ. ಕಾಲುಭಾಗ ವಿಷಯ ಅಲ್ಲೇ ಗೊತ್ತಾಗುತ್ತದೆ. ಒಳಗಿನವರು ಗೋಡೆಗೆ ಒರಗಿ ಚಾಪೆಯ ಮೇಲೋ ಗಿಡ್ಡ ಸ್ಟೂಲಿನ ಮೇಲೋ ಕೂರಲಿ. ನಿಂತ ದೊಡ್ಡವರು ಮೂರು ವರ್ಷದ ಮಗುವಿನ ಒಂದೂವರೆಪಟ್ಟಿಗೂ ಹೆಚ್ಚು ಎತ್ತರ, ಅದರ ಗಮನ ಪೂರ್ತಿ ಆ ಕಡೆಗೇ ಹೋಗುತ್ತದೆ. ಮಂಡಿ ನೋವಿರುವವರಿಗೆ ಬಾಗಿಲ ಬಳಿ ಎರಡು ಕುರ್ಚಿ ಹಾಕಿಸಿ. ಫೋನ್ ಸೈಲೆಂಟ್ ಇರಲಿ, ಗೆಜ್ಜೆ ಬಳೆಯ ಸದ್ದೂ ಕಡಿಮೆ ಇರಲಿ. ಕೆನ್ನೆ ಹಿಂಡುವುದು, ಎತ್ತಿಕೊಳ್ಳುವುದು, "ಪುಟ್ಟಾ, ಎಬಿಸಿಡಿ ಹೇಳು ನೋಡೋಣ" ಅನ್ನುವುದು ಬೇಡ. ಮಗುವೇ ಬಂದು ಮಾತಾಡಿಸಿದರೆ ಎರಡು ಮಾತಲ್ಲಿ ಉತ್ತರ ಕೊಡಿ, ಅದು ತಾನಾಗೇ ಕೆಲಸಕ್ಕೆ ಮರಳುತ್ತದೆ.

ಇನ್ನು ಏನು ನೋಡಬೇಕು ಅನ್ನುವುದು. ಮರಿಯಾ ಮಾಂಟೆಸ್ಸರಿ 1907ರ ಜನವರಿಯಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಮಕ್ಕಳ ಮನೆಯನ್ನು ತೆರೆದರು. 1939ರಲ್ಲಿ ಭಾರತಕ್ಕೆ ಬಂದು ಮದ್ರಾಸಿನ ಅಡ್ಯಾರಿನಲ್ಲಿ ತರಬೇತಿ ಶುರು ಮಾಡಿ, ಯುದ್ಧದ ವರ್ಷಗಳನ್ನು ಇಲ್ಲೇ ಕಳೆದರು. ಆದರೆ ಆ ಹೆಸರನ್ನು ಯಾರು ಬೇಕಾದರೂ ಬೋರ್ಡಿನ ಮೇಲೆ ಬರೆಸಬಹುದು, ತಡೆಯುವವರಿಲ್ಲ. ಆದ್ದರಿಂದ ಬೋರ್ಡ್ ಬಿಟ್ಟು ಕಪಾಟು ನೋಡಿ. ಕಪಾಟು ತೆರೆದಿದೆಯೇ, ಮೇಲಿನ ಹಲಗೆಯೂ ಮಗುವಿನ ಕೈಗೆ ಎಟಕುತ್ತದೆಯೇ? ಸಾಮಗ್ರಿ ಗಾಜಿನ ಬೀರುವಿನಲ್ಲಿ ಬೀಗ ಹಾಕಿಕೊಂಡಿದ್ದರೆ, ಇಲ್ಲವೇ ಧೂಳು ಹಿಡಿದಿದ್ದರೆ, ಅದು ಇರುವುದು ನಿಮ್ಮಂಥ ಅತಿಥಿಗಳಿಗೆ ಮಾತ್ರ.

ಪಿಂಕ್ ಟವರ್ ಹುಡುಕಿ. ಗುಲಾಬಿ ಬಣ್ಣದ ಹತ್ತು ಮರದ ಘನಗಳು. ದೊಡ್ಡದರ ಬದಿ 10 ಸೆಂಟಿಮೀಟರ್, ಅಲ್ಲಿಂದ ಒಂದೊಂದೇ ಸೆಂಟಿಮೀಟರ್ ಇಳಿದು ಕೊನೆಯದು 1 ಸೆಂಟಿಮೀಟರ್. ಮಗು ಮೊದಲು ಚಾಪೆ ಹಾಸಬೇಕು, ಆಮೇಲೆ ಒಂದೊಂದೇ ಘನವನ್ನು ಎತ್ತಿ ತರಬೇಕು. ಹತ್ತು ಸಲ ಓಡಾಟ. ದೊಡ್ಡದನ್ನು ಎರಡೂ ಕೈಯಲ್ಲಿ ಎದೆಗವಚಿ ತರುತ್ತದೆ, ಚಿಕ್ಕದನ್ನು ಎರಡು ಬೆರಳ ತುದಿಯಲ್ಲಿ. ಬೇರೆಯವರ ಚಾಪೆ ತುಳಿಯದೆ ಸುತ್ತಿ ಬರುತ್ತದೆ. ತೂಕ ಮತ್ತು ಗಾತ್ರದ ಪಾಠ ನಡೆಯುವುದು ಆ ಓಡಾಟದಲ್ಲೇ. "ಹೊತ್ತಾಗುತ್ತೆ" ಅಂತ ಆಯಾ ಹತ್ತನ್ನೂ ಬುಟ್ಟಿಯಲ್ಲಿ ಹಾಕಿ ತಂದುಕೊಟ್ಟರೆ ಅರ್ಧ ಪಾಠ ಹೋಯಿತು. ಗೋಪುರದ ನಡುವೆ ಒಂದು ಘನ ತಪ್ಪಿ ಕೂತರೆ ಶಿಕ್ಷಕಿ ಏನು ಮಾಡುತ್ತಾರೆ ನೋಡಿ. ಒಳ್ಳೆಯ ಶಿಕ್ಷಕಿ ಸುಮ್ಮನಿರುತ್ತಾರೆ. ಮಗುವಿಗೆ ಇವತ್ತಲ್ಲ ಇನ್ನೊಂದು ದಿನ ಕಣ್ಣಿಗೆ ಕಾಣುತ್ತದೆ. ಹಾಗೇ ಆ 1 ಸೆಂಟಿಮೀಟರ್ ಘನ ಜಾಗದಲ್ಲಿದೆಯೇ ನೋಡಿ. ಯಾವ ಶಾಲೆಯಲ್ಲೂ ಮೊದಲು ಕಳೆದುಹೋಗುವುದು ಅದೇ. ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ ಅಂದರೆ ಪ್ರತಿ ಸಂಜೆ ಯಾರೋ ಎಣಿಸಿಡುತ್ತಾರೆ ಅಂತ ಅರ್ಥ.

ಸಿಲಿಂಡರ್ ಬ್ಲಾಕ್ ಇನ್ನೂ ಸ್ವಾರಸ್ಯಕರ. ಒಂದು ಮರದ ದಿಮ್ಮಿಯಲ್ಲಿ ಹತ್ತು ಕುಳಿ, ಹತ್ತು ಸಿಲಿಂಡರ್. ಇಂಥ ನಾಲ್ಕು ದಿಮ್ಮಿ. ಸಪೂರದ್ದನ್ನು ಅಗಲದ ಕುಳಿಗೆ ಹಾಕಿದರೆ ಕೊನೆಯಲ್ಲಿ ಒಂದು ಸಿಲಿಂಡರ್‌ಗೆ ಜಾಗವೇ ಇರುವುದಿಲ್ಲ. ತಪ್ಪಾಗಿದೆ ಅಂತ ಹೇಳುವುದು ಆ ದಿಮ್ಮಿಯೇ, ಟೀಚರ್ ಹೇಳಬೇಕಿಲ್ಲ. ಅದರ ಮೇಲಿನ ಗುಬುಟನ್ನು ಮೂರು ಬೆರಳಲ್ಲಿ ಹಿಡಿಯುವ ಅಭ್ಯಾಸವೇ ಮುಂದೆ ಪೆನ್ಸಿಲ್ ಹಿಡಿಯಲು ಒದಗುತ್ತದೆ.

ಹೆಸರು ಕಲಿಸುವ ರೀತಿಯನ್ನೂ ಕಿವಿಗೊಟ್ಟು ಕೇಳಿ. "ಇದು ಉದ್ದ, ಇದು ಗಿಡ್ಡ" ಅಂತ ಮೊದಲು ಹೇಳುತ್ತಾರೆ. ಆಮೇಲೆ "ಉದ್ದದ್ದು ಯಾವುದು ತೋರಿಸು" ಅನ್ನುತ್ತಾರೆ, ಇದಕ್ಕೇ ಹೆಚ್ಚು ಹೊತ್ತು. ಮೂರನೆಯದಾಗಿ "ಇದೇನು?" ಮಗು ಎರಡನೆಯ ಹಂತದಲ್ಲಿ ತಡವರಿಸಿದರೆ "ತಪ್ಪು" ಅನ್ನದೆ ಮೊದಲನೆಯದಕ್ಕೆ ಹಿಂತಿರುಗಬೇಕು. ನೇರವಾಗಿ "ಇದೇನು, ಹೇಳು ಹೇಳು" ಅಂತ ಒತ್ತಾಯಿಸುತ್ತಿದ್ದರೆ ತರಬೇತಿ ಸಾಲದು ಅಂತಲೇ ತಿಳಿಯಿರಿ.

ಹೊರಗಿನ ತಂಡದವರು ಟೇಪ್ ಒಂದನ್ನು ಜೊತೆಗಿಟ್ಟುಕೊಳ್ಳಲಿ. ಮೂರು ವರ್ಷದ ಮಗುವಿನ ಕುರ್ಚಿಯ ಎತ್ತರ 26 ಸೆಂಟಿಮೀಟರ್ ಹತ್ತಿರ, ಐದಾರು ವರ್ಷದವರಿಗೆ 30ರ ಹತ್ತಿರ ಇರಬೇಕು. ಮೇಜು 46ರಿಂದ 53. ಅಳತೆಗಿಂತ ಸುಲಭದ ಪರೀಕ್ಷೆ, ಕೂತ ಮಗುವಿನ ಪಾದ ನೆಲಕ್ಕೆ ಪೂರ್ತಿ ತಾಗುತ್ತಿದೆಯೇ ಅನ್ನುವುದು. ಕೈ ತೊಳೆಯುವ ನಲ್ಲಿ ಮಗುವೇ ತಿರುಗಿಸುವಂತಿರಬೇಕು, ಸೋಪು ಅದರ ಕೈಗೆ ಸಿಗುವಂತಿರಬೇಕು. ಶೌಚಾಲಯದ ಬಾಗಿಲಿಗೆ ಒಳಚಿಲಕ ಇರಬಾರದು. ನೆಲ ಒದ್ದೆ ಇದ್ದರೆ ಜಾರುವ ಟೈಲ್ಸ್ ಹಾಕಿದ್ದಾರೆಯೇ ನೋಡಿ; ಹೊಸ ಕಟ್ಟಡಗಳಲ್ಲಿ ಅಂದಕ್ಕೆ ಹಾಕಿದ ಟೈಲ್ಸಿನಿಂದಲೇ ಮಕ್ಕಳು ಬೀಳುವುದು. 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿಯ ಪ್ರಕಾರ ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು, ಮೂರರೊಳಗಿನ 10 ಮಕ್ಕಳಿಗೆ ಒಬ್ಬರು ದೊಡ್ಡವರಿರಬೇಕು. 30 ಮಕ್ಕಳ ಗುಂಪಿಗೆ 35 ಚದರ ಮೀಟರಿನ ಕೋಣೆ ಬೇಕು. ಎಣಿಸಿ ನೋಡಿ. ವ್ಯಾನಿನಲ್ಲಿ ಡ್ರೈವರ್ ಜೊತೆ ಇನ್ನೊಬ್ಬರು ಇರುತ್ತಾರೆಯೇ, ಇಳಿಸಿದ ಮೇಲೆ ಕೊನೆಯ ಸೀಟಿನ ತನಕ ಹೋಗಿ ನೋಡುವವರು ಯಾರು ಅಂತ ಕೇಳಿ. ನಿದ್ದೆ ಹೋದ ಮಗು ಬಾಗಿಲು ಹಾಕಿದ ವ್ಯಾನಿನಲ್ಲೇ ಉಳಿದುಬಿಡುವ ಅಪಾಯ ನಿಜವಾದದ್ದು.

ಸ್ಮಾರ್ಟ್ ಕ್ಲಾಸಿನ ಬಗ್ಗೆ ನೇರವಾಗಿ ಹೇಳುತ್ತೇನೆ: ಈ ವಯಸ್ಸಿಗೆ ಅದು ಹೆಚ್ಚುಗಾರಿಕೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವಂತೆ ಎರಡರಿಂದ ನಾಲ್ಕು ವರ್ಷದ ಮಕ್ಕಳು ಕೂತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಮೂರು ನಾಲ್ಕು ವರ್ಷದವರು ದಿನಕ್ಕೆ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಷ್ಟು. ಆ ಒಂದು ಗಂಟೆಯ ಪಾಲು ಮನೆಯ ಟಿವಿ, ಮೊಬೈಲಿನಲ್ಲೇ ಮುಗಿದುಹೋಗಿರುತ್ತದೆ. ಶಾಲೆಗೂ ಅದೇ ಬೇಕೇ?

ಪೋಷಕರ ಒತ್ತಡ ಜಾಸ್ತಿ ಇರುವುದು ಬರವಣಿಗೆಯ ಮೇಲೆ. ಮೂರೂವರೆ ವರ್ಷಕ್ಕೇ ನಾಲ್ಕು ಗೆರೆ ಪುಸ್ತಕದಲ್ಲಿ ಎ ಬಿ ಸಿ ತಿದ್ದಿಸುತ್ತಿದ್ದರೆ, ಬೋರ್ಡಿನ ಮೇಲೆ ಯಾವ ಪದ್ಧತಿಯ ಹೆಸರಿದ್ದರೂ ಅದು ಹಳೆಯ ಶಾಲೆಯೇ. ಆ ವಯಸ್ಸಿನಲ್ಲಿ ಬೆರಳು, ಮಣಿಕಟ್ಟು ಇನ್ನೂ ಬಲಿಯುತ್ತಿರುತ್ತವೆ. ಜೇಡಿಮಣ್ಣು ನಾದುವುದು, ಕಾಗದ ಹರಿಯುವುದು, ಮಣಿ ಪೋಣಿಸುವುದು, ಬಟ್ಟೆ ಹಿಂಡುವುದು ಆಗಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷವನ್ನು ಒಂದೇ ಬುನಾದಿ ಹಂತ ಅಂತ ಮಾಡಿದೆ, 2022ರಲ್ಲಿ ಅದರ ಪಠ್ಯಕ್ರಮ ಚೌಕಟ್ಟೂ ಬಂತು. ಎರಡೂ ಹೇಳುವುದು ಆಟದ ಮೂಲಕ, ಮನೆಮಾತಿನಲ್ಲಿ ಕಲಿಕೆ ಅಂತ. ಆದ್ದರಿಂದ ಕನ್ನಡ ಅಕ್ಷರದ ಸಾಮಗ್ರಿ ಎಲ್ಲಿದೆ ಅಂತ ಖಂಡಿತ ಕೇಳಿ. ಎಷ್ಟೋ ಕಡೆ ಇಂಗ್ಲಿಷ್ ಅಕ್ಷರಗಳು ಅಚ್ಚುಕಟ್ಟಾಗಿ ಇರುತ್ತವೆ, ಕನ್ನಡದ್ದು ಗೋಡೆಯ ಚಾರ್ಟ್ ಒಂದೇ.

ಮುಖ್ಯಸ್ಥರ ಜೊತೆ ಕೂತಾಗ ಕೇಳಬೇಕಾದದ್ದು ಕೆಲವೇ. ಶಿಕ್ಷಕಿಯರು ಎಲ್ಲಿ, ಎಷ್ಟು ತಿಂಗಳು ತರಬೇತಿ ಪಡೆದರು, ಅದರಲ್ಲಿ ಮಕ್ಕಳ ಜೊತೆ ಕಳೆದದ್ದು ಎಷ್ಟು ದಿನ? ಹೋದ ವರ್ಷದ ಶಿಕ್ಷಕಿಯರಲ್ಲಿ ಎಷ್ಟು ಜನ ಉಳಿದಿದ್ದಾರೆ? ಅಳುವ ಮಗುವಿಗೆ ಮೊದಲ ವಾರ ಏನು ಮಾಡುತ್ತೀರಿ, ಅಮ್ಮ ಸ್ವಲ್ಪ ಹೊತ್ತು ಒಳಗೆ ಕೂರಬಹುದೇ? ಕರೆದುಕೊಂಡು ಹೋಗಲು ಬೇರೆ ಯಾರಾದರೂ ಬಂದರೆ ಹೇಗೆ ಖಾತ್ರಿ ಮಾಡಿಕೊಳ್ಳುತ್ತೀರಿ? ಎರಡನೆಯ ಪ್ರಶ್ನೆಯ ಉತ್ತರವೇ ಬಹಳ ಹೇಳುತ್ತದೆ. ವರ್ಷ ವರ್ಷ ಟೀಚರ್ ಬದಲಾಗುವ ಕಡೆ ಎಂಥ ಸಾಮಗ್ರಿ ಇದ್ದರೂ ಮಗುವಿಗೆ ಆಸರೆ ಇಲ್ಲ.

ಸನ್ಮಾನ ಬೇಕೇ ಬೇಕು ಅನ್ನಿಸಿದರೆ ಮಕ್ಕಳು ಮನೆಗೆ ಹೋದ ಮೇಲೆ ಕಚೇರಿಯಲ್ಲಿ ಕಾಲು ಗಂಟೆಯಲ್ಲಿ ಮುಗಿಸಿ, ಆಯಾಗಳನ್ನೂ ಕರೆಯಿರಿ. ಚಾಕೊಲೇಟ್ ಬೇಡ. ಗಟ್ಟಿ ಪೆಪ್ಪರ್‌ಮಿಂಟ್, ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ಈ ವಯಸ್ಸಿನವರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಏನಾದರೂ ಕೊಡಲೇಬೇಕೆಂದರೆ ಶಾಲೆಗೆ ಹತ್ತು ಕನ್ನಡ ಚಿತ್ರಪುಸ್ತಕ ಕೊಡಿ. ಫೋಟೊ ಒಬ್ಬರೇ ತೆಗೆಯಲಿ, ಫ್ಲ್ಯಾಶ್ ಇಲ್ಲದೆ, ಬೆನ್ನ ಹಿಂದಿನಿಂದ ಅಥವಾ ಕೈಗಳದ್ದು ಮಾತ್ರ. ಮುಖ, ಹೆಸರಿನ ಚೀಟಿ ಕಾಣುವ ಚಿತ್ರವನ್ನು ಪೋಷಕರ ಲಿಖಿತ ಒಪ್ಪಿಗೆ ಇಲ್ಲದೆ ಕ್ಲಬ್ಬಿನ ವಾಟ್ಸ್‌ಆ್ಯಪ್ ಗುಂಪಿಗೂ ಹಾಕಬೇಡಿ. ಶಾಲೆಯವರು "ಪರವಾಗಿಲ್ಲ" ಅಂದರೆ ಸಾಲದು, ಒಪ್ಪಬೇಕಾದವರು ತಂದೆ ತಾಯಿ.

ಇಷ್ಟು ನೋಡಿ ಬಂದದ್ದಕ್ಕೆ ಬೆಲೆ ಬರುವುದು ಅಂಗನವಾಡಿಯಲ್ಲಿ. ಮೊದಲು ಮೇಲ್ವಿಚಾರಕಿಯ ಮೂಲಕ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರಿಂದ ಲಿಖಿತ ಅನುಮತಿ ಪಡೆಯಿರಿ. ಲಸಿಕೆಯ ದಿನ ಮತ್ತು ಊಟದ ಹೊತ್ತಲ್ಲಿ ಹೋಗಬೇಡಿ. ಕಾರ್ಯಕರ್ತೆಯ ತಲೆಯ ಮೇಲೆ ತೂಕ ನೋಡುವುದು, ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪ್‌ನಲ್ಲಿ ತುಂಬುವುದು, ಗರ್ಭಿಣಿ ಬಾಣಂತಿಯರ ಆಹಾರ ಎಲ್ಲ ಇರುತ್ತದೆ. ನೀವು ಕೊಡುವ ವಸ್ತು ಅವರಿಗೆ ಇನ್ನೊಂದು ರಿಜಿಸ್ಟರ್ ಆಗಬಾರದು. ಬೀಗ ಹಾಕಿ ಇಡುವಂಥ ದುಬಾರಿ ಸೆಟ್ ಕೊಟ್ಟರೆ, ಕಳೆದರೆ ತನ್ನ ಮೇಲೆ ಬರುತ್ತದೆ ಅಂತ ಅವರು ಬೀಗವೇ ಹಾಕುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ. "ಒಡೆದರೆ ಒಡೆಯಲಿ, ನಾವು ಮತ್ತೆ ಕೊಡುತ್ತೇವೆ" ಅಂತ ಪತ್ರದಲ್ಲೇ ಬರೆದುಕೊಡಿ.

20ರಿಂದ 25 ಮಕ್ಕಳಿರುವ ಕೇಂದ್ರಕ್ಕೆ ಇಷ್ಟು ಸಾಕು: ಎರಡು ಗಿಡ್ಡ ತೆರೆದ ಕಪಾಟು, ಒಗೆಯಬಹುದಾದ ಹತ್ತು ಪುಟ್ಟ ಜಮಖಾನ, ಸುಮಾರು 200 ಮಿಲಿಲೀಟರ್ ಹಿಡಿಯುವ ಆರು ಸ್ಟೀಲ್ ಜಗ್ಗು, ಒಂದು ಡಜನ್ ಬಟ್ಟಲು, ಒರೆಸಲು ಸ್ಪಂಜು, ಮರದ ಬ್ಲಾಕುಗಳು, ಮಕ್ಕಳ ಎತ್ತರದ ಒಂದು ನಲ್ಲಿ. ಸುರಿಯುವ ಆಟ ಮೊದಲು ಕಾಳಿನಿಂದ ಶುರುವಾಗಲಿ, ಆಮೇಲೆ ನೀರು. ಚನ್ನಪಟ್ಟಣದ ಮರದ ಆಟಿಕೆ ಒಳ್ಳೆಯದು. ಕಾರ್ಖಾನೆಯಲ್ಲಿ ತಯಾರಾದ ಆಟಿಕೆ ಕೊಂಡರೆ ಐಎಸ್‌ಐ ಗುರುತು ನೋಡಿ, 2021ರ ಜನವರಿಯಿಂದ ಅದು ಕಡ್ಡಾಯ. ಮೂರು ವರ್ಷದೊಳಗಿನ ಮಕ್ಕಳಿರುವ ಕಡೆ ಸುಮಾರು 3 ಸೆಂಟಿಮೀಟರ್ ಅಗಲದ ಕೊಳವೆಯೊಳಗೆ ಪೂರ್ತಿ ಇಳಿಯುವ ಯಾವ ವಸ್ತುವೂ ಕೈಗೆ ಸಿಗಬಾರದು. ಅಳಗುಳಿ ಮಣೆ ಎಣಿಕೆಗೆ ಬಲು ಸೊಗಸು, ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ. ಆದರೆ ಹುಣಸೆ ಬೀಜ ಮೂಗಿಗೆ ಕಿವಿಗೆ ಹೋಗುವ ವಸ್ತು. ದೊಡ್ಡ ಮಕ್ಕಳಿಗೆ ಮಾತ್ರ ಕೊಟ್ಟು, ಎಣಿಸಿ ಕೊಟ್ಟು ಎಣಿಸಿ ತೆಗೆದಿಡಬೇಕು.

ಸ್ಯಾಂಡ್‌ಪೇಪರ್ ಅಕ್ಷರಗಳನ್ನು (ಮಗು ಬೆರಳಾಡಿಸಿ ಕಲಿಯುವ ತರಿತರಿ ಅಕ್ಷರಗಳು) ಕೊಳ್ಳಬೇಡಿ, ನಿಮ್ಮ ತಿಂಗಳ ಸಭೆಯಲ್ಲಿ ಕೂತು ಮಾಡಿ. 4 ಮಿಲಿಮೀಟರ್ ಪ್ಲೈವುಡ್‌ನಲ್ಲಿ 15 ಸೆಂಟಿಮೀಟರ್ ಅಗಲ, 20 ಎತ್ತರದ ಹಲಗೆ ಕತ್ತರಿಸಿಕೊಂಡು, ಅಂಚು ಉಜ್ಜಿ, ಎರಡೂ ಬದಿಗೆ ವಾರ್ನಿಷ್ ಕೊಡಿಸಿ. ರಟ್ಟು ಬೇಡ, ಮಲೆನಾಡಿನ ಮಳೆಗಾಲದಲ್ಲಿ ಅದು ಸೊಟ್ಟಗಾಗಿ ಬೂಸಲು ಹಿಡಿಯುತ್ತದೆ. 220 ನಂಬರಿನ ನಯವಾದ ಸ್ಯಾಂಡ್‌ಪೇಪರ್ ತನ್ನಿ. 60, 80 ನಂಬರಿನದು ಎಳೆ ಬೆರಳನ್ನು ತರಚುತ್ತದೆ. ಅಕ್ಷರವನ್ನು ಕಾಗದದ ಹಿಂಬದಿಗೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬೇಕು, ಇಲ್ಲದಿದ್ದರೆ ಕತ್ತರಿಸಿದ ಮೇಲೆ ಉಲ್ಟಾ ಆಗುತ್ತದೆ. ಎತ್ತರ 10 ಸೆಂಟಿಮೀಟರ್, ಗೆರೆಯ ದಪ್ಪ ಮಗುವಿನ ಎರಡು ಬೆರಳು ಓಡಾಡುವಷ್ಟು, ಅಂದರೆ 1 ಸೆಂಟಿಮೀಟರ್. ಫೆವಿಕಾಲ್ ತೆಳ್ಳಗೆ ಹಚ್ಚಿ, ಒಂದು ರಾತ್ರಿ ಭಾರ ಇಟ್ಟು ಒಣಗಿಸಿ. ಗೋಂದು ಜಾಸ್ತಿಯಾದರೆ ಅಂಚಿನಿಂದ ಹೊರಬಂದು ಒಣಗಿ, ಅಕ್ಷರ ಎಲ್ಲಿ ಮುಗಿಯಿತು ಅನ್ನುವುದು ಬೆರಳಿಗೆ ತಿಳಿಯುವುದಿಲ್ಲ. ಬರವಣಿಗೆ ಎಲ್ಲಿಂದ ಶುರು ಅನ್ನುವುದಕ್ಕೆ ಒಂದು ಹಸಿರು ಚುಕ್ಕಿ ಇಡಿ. ವರ್ಣಮಾಲೆಯ 49ನ್ನೂ ಒಂದೇ ಸಲ ಕೊಡಬೇಡಿ. ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯಲ್ಲಿ ರ, ಗ, ಸ, ದ, ಅ ಎಂದು ಆರಂಭಿಸುತ್ತಾರಲ್ಲ, ಆ ಕ್ರಮವೇ ಸುಲಭ: ಬೇಗ ಪದ ಕಟ್ಟಲು ಬರುತ್ತದೆ, ಮುಂದೆ ಸರ್ಕಾರಿ ಶಾಲೆಗೆ ಹೋದಾಗ ಗುರುತೂ ಸಿಗುತ್ತದೆ.

ಚಿಕ್ಕಮಗಳೂರು, ಸಕಲೇಶಪುರ ಕಡೆಯ ಕ್ಲಬ್ಬಿನವರು ಇದನ್ನು ಓದುತ್ತಿದ್ದರೆ ಒಂದು ಮಾತು. ಕಾಫಿ ತೋಟದ ಕೆಲಸಗಾರರಿರುವ ಲೈನ್ ಮನೆಗಳ ಮಕ್ಕಳ ಮನೆಮಾತು ತಮಿಳೋ ತುಳುವೋ ಇನ್ನೊಂದೋ ಆಗಿರಬಹುದು, ಈಗೀಗ ಅಸ್ಸಾಂ ಕಡೆಯಿಂದ ಬಂದವರೂ ಇದ್ದಾರೆ. ಅಲ್ಲಿ ಮೊದಲ ತಿಂಗಳುಗಳಲ್ಲಿ ಅಕ್ಷರಕ್ಕಿಂತ ಹಾಡು, ಚಿತ್ರಪುಸ್ತಕ, ವಸ್ತು ತೋರಿಸಿ ಹೆಸರು ಹೇಳುವುದು ಮುಖ್ಯ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಒಂದೇ ಕಥೆ ಹಲವು ಭಾಷೆಗಳಲ್ಲಿ ಉಚಿತವಾಗಿ ಸಿಗುತ್ತದೆ, ಅಚ್ಚು ಹಾಕಿಸಿ ಕೊಡಬಹುದು. ಕಾಫಿ ಕೊಯ್ಲಿನ ಕಾಲದಲ್ಲಿ, ನವೆಂಬರ್‌ನಿಂದ ಫೆಬ್ರವರಿ ತನಕ, ತಾಯಂದಿರು ಬೆಳಿಗ್ಗೆಯೇ ಕೆಲಸಕ್ಕೆ ಹೋಗುತ್ತಾರೆ. ಪೋಷಕರ ಸಭೆ ಸಂಜೆ ಇಡಿ.

ನಿಮ್ಮ ಸದಸ್ಯರಲ್ಲಿ ಕಣ್ಣಿನ ವೈದ್ಯರಿದ್ದರೆ ಆ ಖಾಸಗಿ ಶಾಲೆಗೂ ಒಂದು ದೊಡ್ಡ ಉಪಕಾರ ಮಾಡಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ತಪಾಸಣೆ ಮಾಡಬೇಕೆಂಬ ನಿಯಮವಿದೆ, ಖಾಸಗಿ ಪುಟಾಣಿ ಶಾಲೆಗಳು ಅದರಲ್ಲಿ ಬರುವುದಿಲ್ಲ. ಸೋಮಾರಿ ಕಣ್ಣು (ಒಂದು ಕಣ್ಣಿನ ದೃಷ್ಟಿ ಸರಿಯಾಗಿ ಬೆಳೆಯದ ತೊಂದರೆ) ಏಳು ವರ್ಷದೊಳಗೆ ಸಿಕ್ಕಿದರೆ ಚಿಕಿತ್ಸೆಗೆ ಚೆನ್ನಾಗಿ ಒಗ್ಗುತ್ತದೆ, ತಡವಾದರೆ ಕಷ್ಟ. ಅಕ್ಷರ ಬಾರದ ಮಕ್ಕಳಿಗೆ ಮನೆ, ಸೇಬು, ವೃತ್ತ, ಚೌಕದ ಚಿತ್ರಗಳ ಚಾರ್ಟ್ ಬೇಕು. ಒಂದೊಂದೇ ಕಣ್ಣು ನೋಡಬೇಕು. ಇನ್ನೊಂದನ್ನು ಮಗುವಿನ ಅಂಗೈಯಿಂದ ಮುಚ್ಚಿಸಿದರೆ ಬೆರಳ ಸಂದಿಯಲ್ಲಿ ಇಣುಕುತ್ತದೆ, ಆಗ ಮಂದ ಕಣ್ಣೂ ಪಾಸಾಗಿಬಿಡುತ್ತದೆ. ಅಂಟುಪಟ್ಟಿ ಹಾಕಿ. ಕಳಿಸಬೇಕಾದ ಮಕ್ಕಳ ಪಟ್ಟಿ ಮಾಡಿ, ಪೋಷಕರು ಆಸ್ಪತ್ರೆಗೆ ಹೋದರೇ ಅಂತ ಮೂರು ವಾರ ಬಿಟ್ಟು ಫೋನ್ ಮಾಡುವವರು ಯಾರು ಅನ್ನುವುದನ್ನು ಮೊದಲೇ ಗೊತ್ತು ಮಾಡಿ.

ಇಂಥ ಕೆಲಸ ನಿಂತುಹೋಗುವುದು ಸಾಮಾನ್ಯವಾಗಿ ಜುಲೈ 1ಕ್ಕೆ. ಅಧ್ಯಕ್ಷರು, ಕಾರ್ಯದರ್ಶಿ ಬದಲಾಗುತ್ತಾರೆ, ಹೊಸಬರಿಗೆ ಹೊಸ ಯೋಜನೆ ಬೇಕಾಗುತ್ತದೆ. ಆದ್ದರಿಂದ ಅಂಗನವಾಡಿಗೆ ವಸ್ತು ಕೊಡುವುದನ್ನು ಮಾರ್ಚ್ ಒಳಗೆ ಮುಗಿಸಿ. ಮುಂದಿನ ವರ್ಷದ ತಂಡದ ಇಬ್ಬರನ್ನು ಈಗಿಂದಲೇ ಜೊತೆಗೆ ಕರೆದುಕೊಂಡು ಹೋಗಿ. ಅನುಮತಿ ಪತ್ರ, ಕೊಟ್ಟ ವಸ್ತುಗಳ ಪಟ್ಟಿ, ಒಡೆದದ್ದಕ್ಕೆ ಬದಲಿ ಕೊಡಲು ತೆಗೆದಿರಿಸಿದ ಹಣದ ಲೆಕ್ಕ, ಸೆಪ್ಟೆಂಬರ್ ಮತ್ತು ಜನವರಿಯಲ್ಲಿ ಮತ್ತೆ ಹೋಗಬೇಕಾದ ತಾರೀಖು, ಇಷ್ಟನ್ನೂ ಒಂದು ಫೈಲಿಗೆ ಹಾಕಿ ಪದಗ್ರಹಣದ ದಿನ ಹೊಸ ಕಾರ್ಯದರ್ಶಿಯ ಕೈಗೆ ಕೊಡಿ.